ಬಿಸಿಲು ನೋಡಿ ಆಯಿಲ್ ಕೂಲರ್ ಹಾಕಿಸಬೇಡಿ

ಮಾನ್ಯ ಸಂಪಾದಕರೇ,

ಏಪ್ರಿಲ್ ಬಂತೆಂದರೆ ಕಲಬುರಗಿಯ ಗ್ಯಾರೇಜುಗಳಲ್ಲಿ ಆಯಿಲ್ ಕೂಲರಿನ, ಅಂದರೆ ಎಂಜಿನ್ ಆಯಿಲನ್ನು ತಣಿಸುವ ಪುಟ್ಟ ರೇಡಿಯೇಟರಿನಂಥ ಸಾಧನದ, ಮಾತು ಶುರುವಾಗುತ್ತದೆ. ಬಿಸಿಲು 43–44 ಡಿಗ್ರಿ ಮುಟ್ಟುವ ಊರು, ಎಂಜಿನ್ ಸುಟ್ಟುಹೋದೀತು ಎಂಬ ಹೆದರಿಕೆ ಸಹಜವೇ. ಆದರೆ ಕೂಲರ್ ಬೇಕೋ ಬೇಡವೋ ಎಂಬುದನ್ನು ಹೊರಗಿನ ಬಿಸಿಲು ಹೇಳುವುದಿಲ್ಲ, ಚೇಂಬರಿನೊಳಗಿನ (ಎಂಜಿನ್ನಿನ ತಳದಲ್ಲಿ ಆಯಿಲ್ ನಿಲ್ಲುವ ತೊಟ್ಟಿ) ಆಯಿಲಿನ ಬಿಸಿ ಹೇಳುತ್ತದೆ. ಅದನ್ನು ಅಳೆಯದೆ ಕೂರಿಸಿದ ಕೂಲರ್ ಚೆನ್ನಾಗಿದ್ದ ಗಾಡಿಗೂ ರೋಗ ತರುತ್ತದೆ.

ಜಗತ್ ವೃತ್ತದ ಟ್ರಾಫಿಕ್ಕಿನಲ್ಲಿ ನಿಂತಾಗ ಟೆಂಪರೇಚರ್ ಮುಳ್ಳು ಮೇಲೇರುತ್ತದೆ, ಗಾಡಿ ಓಡತೊಡಗಿದರೆ ಇಳಿಯುತ್ತದೆ ಎಂದಾದರೆ ದೋಷ ರೇಡಿಯೇಟರ್ ಫ್ಯಾನಿನದ್ದು ಇಲ್ಲವೇ ಜಾಳಿಯದ್ದು. ಆ ಮುಳ್ಳು ತೋರಿಸುವುದು ನೀರಿನ ಬಿಸಿಯನ್ನು, ಆಯಿಲಿನದ್ದನ್ನಲ್ಲ. ನಿಂತ ಗಾಡಿಯಲ್ಲಿ ಗಾಳಿಯಿಂದ ತಣಿಯುವ ಆಯಿಲ್ ಕೂಲರ್ ಹೆಚ್ಚೇನೂ ಮಾಡಲಾರದು. ಆಯಿಲ್ ನಿಜಕ್ಕೂ ಕಾಯುವುದು ತುಂಬಿದ ಗಾಡಿ ಹೈವೇಯಲ್ಲಿ ಗಂಟೆಗಟ್ಟಲೆ ಒಂದೇ ವೇಗದಲ್ಲಿ ಓಡಿದಾಗ, ಟ್ರೇಲರ್ ಎಳೆದಾಗ, ಟರ್ಬೊ ಮೇಲೆ ಒತ್ತಡ ಬಿದ್ದಾಗ. 90ರಿಂದ 110 ಡಿಗ್ರಿ ಇದ್ದರೆ ಯಾವ ಚಿಂತೆಯೂ ಬೇಡ. 120 ದಾಟಿ ಅಲ್ಲೇ ನಿಲ್ಲುತ್ತಿದ್ದರೆ ಮಾತ್ರ ಕೂಲರಿನ ವಿಚಾರ ಮಾಡಬೇಕು. 130ರ ಮೇಲೆ ಆಯಿಲ್ ತೆಳುವಾಗಿ ಬೇರಿಂಗುಗಳ ಮೇಲಿನ ಪದರ ಸೊರಗುತ್ತದೆ, ಆಯಿಲ್ ಬೇಗ ಕಪ್ಪಾಗಿ ಕೆಡುತ್ತದೆ.

ಅಳೆಯುವುದು ಕಷ್ಟವೇನಲ್ಲ. ಕೆಲವು ಗಾಡಿಗಳಲ್ಲಿ ಸ್ಕ್ಯಾನರ್ ಹಚ್ಚಿದರೆ ಆಯಿಲ್ ಟೆಂಪರೇಚರ್ ನೇರ ಸಿಗುತ್ತದೆ. ಸಿಗದಿದ್ದರೆ ಮುಟ್ಟದೆಯೇ ದೂರದಿಂದ ಬಿಸಿ ಅಳೆಯುವ ಇನ್‌ಫ್ರಾರೆಡ್ ಗನ್ ಇದೆ. ಆದರೆ ಹೊಳೆಯುವ ಅಲ್ಯೂಮಿನಿಯಂ ಚೇಂಬರಿಗೆ ಗನ್ ಹಿಡಿದರೆ ಅದು ಸುಳ್ಳು ಹೇಳುತ್ತದೆ, ಇರುವುದಕ್ಕಿಂತ ಬಹಳ ಕಡಿಮೆ ತೋರಿಸುತ್ತದೆ. ಚೇಂಬರಿನ ತಳಕ್ಕೆ ಬೆರಳಗಲ ಕಪ್ಪು ಇನ್ಸುಲೇಷನ್ ಟೇಪ್ ಅಂಟಿಸಿ, ಅದರ ಮೇಲೆ ಗನ್ ಹಿಡಿಯಿರಿ. ಹುಮನಾಬಾದ್ ಕಡೆ 40–50 ಕಿಲೋಮೀಟರ್ ಓಡಿಸಿ, ಗಾಡಿ ನಿಲ್ಲಿಸಿದ ಕೂಡಲೇ ನೋಡಬೇಕು. ಚಹಾ ಕುಡಿದು ಬಂದು ನೋಡಿದರೆ ಪ್ರಯೋಜನವಿಲ್ಲ.

ಇನ್ನೊಂದು ಮಾತು ಅನೇಕ ಮಾಲೀಕರಿಗೆ ಗೊತ್ತೇ ಇರುವುದಿಲ್ಲ. ಬಹಳಷ್ಟು ಡೀಸೆಲ್ ಕಾರುಗಳಲ್ಲಿ ಕಂಪನಿಯೇ ಆಯಿಲ್ ಫಿಲ್ಟರಿನ ಬುಡದಲ್ಲಿ ಒಂದು ಕೂಲರ್ ಕೊಟ್ಟಿರುತ್ತದೆ. ಅಂಗೈಯಗಲದ ತಗಡುಗಳನ್ನು ಒಂದರ ಮೇಲೊಂದು ಜೋಡಿಸಿದ ಡಬ್ಬಿ ಅದು. ಒಂದು ಪದರದಲ್ಲಿ ಆಯಿಲ್, ಪಕ್ಕದ ಪದರದಲ್ಲಿ ರೇಡಿಯೇಟರ್ ನೀರು. ನಮ್ಮದು ಸುಣ್ಣಕಲ್ಲಿನ ನೆಲ, ಇಲ್ಲಿನ ಬೋರ್ ನೀರು ಗಡಸು. ಅದನ್ನೇ ರೇಡಿಯೇಟರಿಗೆ ಸುರಿದರೆ ಒಲೆಯ ಮೇಲಿನ ಪಾತ್ರೆಗೆ ಬಿಳಿ ಪೊರೆ ಕಟ್ಟಿದಂತೆ ಆ ತಗಡುಗಳ ಸಂದಿಯಲ್ಲೂ ಕಟ್ಟುತ್ತದೆ. ಆಮೇಲೆ ಆಯಿಲ್ ತಣಿಯುವುದೆಲ್ಲಿಂದ? ಇಂಥ ಗಾಡಿಗೆ ಮುಂದೆ ಮತ್ತೊಂದು ಕೂಲರ್ ಬೇಕಿಲ್ಲ. ಹಳೆಯದನ್ನು ಬಿಚ್ಚಿ ತೊಳೆದು ಅಥವಾ ಬದಲಿಸಿ, ಕೂಲಂಟ್ ಮತ್ತು ಡಿಸ್ಟಿಲ್ಡ್ ವಾಟರ್ ಅರ್ಧಕ್ಕರ್ಧ ತುಂಬಿದರೆ ಸಾಕು.

ಇಷ್ಟೆಲ್ಲ ನೋಡಿಯೂ ಹಾಕಲೇಬೇಕೆಂದರೆ ಥರ್ಮೋಸ್ಟ್ಯಾಟ್ ಇರುವ ಸ್ಯಾಂಡ್‌ವಿಚ್ ಪ್ಲೇಟನ್ನೇ ಕೇಳಿ; ಎಂಜಿನ್ ಬ್ಲಾಕಿಗೂ ಆಯಿಲ್ ಫಿಲ್ಟರಿಗೂ ನಡುವೆ ಕೂತು ಆಯಿಲನ್ನು ಕೂಲರಿಗೆ ಕಳಿಸುವ ತಟ್ಟೆ ಅದು. ಆಯಿಲ್ ಸುಮಾರು 80 ಡಿಗ್ರಿ ಆಗುವವರೆಗೆ ಅದು ಕೂಲರಿನ ದಾರಿ ಹೆಚ್ಚುಕಡಿಮೆ ಮುಚ್ಚಿಟ್ಟಿರುತ್ತದೆ. ದುಡ್ಡು ಉಳಿಸಲು ಸಾದಾ ಪ್ಲೇಟ್ ಹಾಕಿಸಿದವರು ಬೀದರಿನ ಡಿಸೆಂಬರ್ ಚಳಿಯನ್ನು ನೆನೆಯಬೇಕು. ಅಲ್ಲಿ ಬೆಳಿಗ್ಗೆ ಹತ್ತು ಕಿಲೋಮೀಟರ್ ಓಡಿದರೂ ಆಯಿಲ್ ಬಿಸಿಯೇ ಏರುವುದಿಲ್ಲ. ಒಳಗಿನ ನೀರಿನ ಪಸೆ, ಸೋರಿದ ಇಂಧನ ಆವಿಯಾಗದೆ ಅಲ್ಲೇ ಉಳಿದು, ಆಯಿಲ್ ಹಾಕುವ ಮುಚ್ಚಳದ ಒಳಗೆ ಮೊಸರಿನಂಥ ಲೋಳೆ ಕಟ್ಟುತ್ತದೆ.

ಫಿಟ್ಟಿಂಗಿನಲ್ಲಿ ಮೊದಲ ತಪ್ಪು ಥ್ರೆಡ್‌ನದ್ದು. ಫಿಲ್ಟರ್ ಕೂರುವ ನಿಪ್ಪಲ್ ಕೆಲವು ಗಾಡಿಗಳಲ್ಲಿ ಎಂ20×1.5 (ಮಿಲಿಮೀಟರ್ ಅಳತೆಯ ಥ್ರೆಡ್), ಕೆಲವುಗಳಲ್ಲಿ ಮುಕ್ಕಾಲು ಇಂಚು–16 (ಇಂಚಿನ ಅಳತೆಯದು). ಎರಡೂ ಕಣ್ಣಿಗೆ ಒಂದೇ ಥರ ಕಾಣುತ್ತವೆ, ಒಂದೆರಡು ಸುತ್ತು ಒಂದರೊಳಗೊಂದು ಹತ್ತುತ್ತವೆ ಕೂಡ. ಬೆರಳಿನಿಂದ ತಿರುಗದೆ ಬಿಗಿ ಹಿಡಿಯಿತೆಂದರೆ ಅಲ್ಲಿಗೇ ನಿಲ್ಲಿಸಿ. ಹಳೆ ಫಿಲ್ಟರ್ ಬಿಚ್ಚಿದಾಗ ಅದರ ರಬ್ಬರ್ ರಿಂಗ್ ಬ್ಲಾಕಿಗೇ ಅಂಟಿಕೊಂಡಿದೆಯೇ ಎಂದು ಬೆರಳಾಡಿಸಿ ನೋಡಬೇಕು. ಅದರ ಮೇಲೆ ಪ್ಲೇಟ್ ಕೂತರೆ ರಬ್ಬರ್ ಎರಡು ಪದರವಾಗಿ, ಎಂಜಿನ್ ಚಾಲೂ ಆಗುತ್ತಲೇ ಆಯಿಲ್ ಹೊರಕ್ಕೆ ಚಿಮ್ಮುತ್ತದೆ. ಮೂರೂವರೆ ಲೀಟರ್ ಆಯಿಲ್ ನೆಲಕ್ಕೆ ಸುರಿಯಲು ಹೆಚ್ಚು ಹೊತ್ತು ಬೇಕಿಲ್ಲ.

ಎರಡನೆಯದು ಹೋಸ್. ಜೆಸಿಬಿ, ಟ್ರ್ಯಾಕ್ಟರಿಗೆ ಹೋಸ್ ಕ್ರಿಂಪ್ ಮಾಡುವ (ಹೋಸಿನ ತುದಿಗೆ ಲೋಹದ ಫಿಟ್ಟಿಂಗನ್ನು ಒತ್ತಿ ಕೂರಿಸುವ) ಅಂಗಡಿಗಳು ನಮ್ಮಲ್ಲಿ ಬೇಕಾದಷ್ಟಿವೆ, ಅಲ್ಲಿಯ ಕ್ರಿಂಪಿಂಗೂ ಗಟ್ಟಿ. ಆದರೆ ಸಾಮಾನ್ಯವಾಗಿ ಸಿಗುವ, ಒಂದು ಪದರ ತಂತಿ ಹೆಣೆದ ಆರ್1 ಹೈಡ್ರಾಲಿಕ್ ಹೋಸ್ 100 ಡಿಗ್ರಿಯವರೆಗಷ್ಟೇ. ಒತ್ತಡ ನೂರು ಬಾರ್ ಮೀರಿದರೂ ಅದು ತಡೆಯುತ್ತದೆ, ಬಿಸಿಯನ್ನು ತಡೆಯುವುದಿಲ್ಲ. ಒಂದೆರಡು ಬೇಸಿಗೆಯಲ್ಲಿ ಕಟ್ಟಿಗೆಯಂತೆ ಗಡುಸಾಗಿ ಕ್ರಿಂಪಿನ ಬಾಯಲ್ಲಿ ಸೀಳುತ್ತದೆ. ಹೋಸಿನ ಮೈಮೇಲೆ ಕನಿಷ್ಠ 125 ಡಿಗ್ರಿ ಎಂದು ಬರೆದಿರಬೇಕು, ಒಳಗಿನ ವ್ಯಾಸ ಅರ್ಧ ಇಂಚು ಇರಬೇಕು. ರೇಡಿಯೇಟರ್ ಹೋಸನ್ನು ಕ್ಲಿಪ್ ಹಾಕಿ ಬಳಸುವುದಂತೂ ಎಂಜಿನ್ನಿನ ಮೇಲೆ ಹಗೆ ತೀರಿಸಿಕೊಂಡಂತೆ: ಆಯಿಲ್ ತಾಗಿದರೆ ಆ ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ. ಬಾಗುವಲ್ಲಿ ಸುತ್ತು ದೊಡ್ಡದಿರಲಿ. ಸೈಲೆನ್ಸರ್ ಮ್ಯಾನಿಫೋಲ್ಡಿನಿಂದ ಹೋಸ್ ಗೇಣುದ್ದ ದೂರವಿರಲಿ.

ಕೂಲರಿನ ಬಾಯಿಗೆ ಹೋಸ್ ಬಿಗಿಯುವಾಗ ಎರಡು ಪಾನಾ ಬೇಕೇ ಬೇಕು. ಒಂದು ಕೂಲರಿನ ಷಟ್ಕೋನವನ್ನು ಅಲುಗದಂತೆ ಹಿಡಿಯುತ್ತದೆ, ಇನ್ನೊಂದು ನಟ್ಟನ್ನು ತಿರುಗಿಸುತ್ತದೆ. ಒಂದೇ ಪಾನಾದಿಂದ ಎಳೆದರೆ ಅಲ್ಯೂಮಿನಿಯಂ ಕತ್ತು ಬುಡದಲ್ಲಿ ಕೂದಲೆಳೆಯಷ್ಟು ತಿರುಚುತ್ತದೆ. ಆ ದಿನ ಏನೂ ಕಾಣುವುದಿಲ್ಲ. ತಿಂಗಳ ನಂತರ ಬೆಸುಗೆಯ ಸುತ್ತ ಧೂಳು ಒದ್ದೆಯಾಗಿ ಕಪ್ಪಾಗಿರುತ್ತದೆ. ಥ್ರೆಡ್‌ಗೆ ಟೆಫ್ಲಾನ್ ಟೇಪ್ ಸುತ್ತುವ ಚಾಳಿಯನ್ನು ಇಲ್ಲಿ ಬಿಡಿ: ಸೀಲ್ ಆಗುವುದು ಕೋನಿನಿಂದ ಅಥವಾ ವಾಷರಿನಿಂದ, ಥ್ರೆಡ್‌ನಿಂದಲ್ಲ. ಟೇಪಿನ ಚೂರು ಒಳಗೆ ಹೋದರೆ ಆಯಿಲಿನ ದಾರಿಯಲ್ಲಿ ಸಿಕ್ಕಿಕೊಳ್ಳುತ್ತದೆ.

ಕೂಲರನ್ನು ಎಲ್ಲಿ ಕೂರಿಸಬೇಕು? ಎಸಿ ಕಂಡೆನ್ಸರಿನ (ರೇಡಿಯೇಟರಿನ ಮುಂದಿರುವ ಎಸಿಯ ಜಾಳಿ) ಮುಂದೆ ಪೂರ್ತಿ ಅಡ್ಡವಿಟ್ಟರೆ ಎಸಿ ಸೋಲುತ್ತದೆ, ಹಿಂದಿಟ್ಟರೆ ಕೂಲರಿಗೆ ಸಿಗುವುದು ಬಿಸಿಗಾಳಿ. ಬಂಪರಿನ ಕೆಳಗಿನ ಜಾಳಿಯ ಒಂದು ಮಗ್ಗುಲು ಒಳ್ಳೆಯ ಜಾಗ. ರಬ್ಬರ್ ಬುಷ್ ಮೇಲೆ ಕೂರಿಸಿ, ಬಾಯಿಗಳು ಮೇಲಕ್ಕೆ ಅಥವಾ ಪಕ್ಕಕ್ಕಿರಲಿ. ವಾಡಿ, ಸೇಡಂ ಕಡೆ ಓಡುವ ಗಾಡಿಗಳಿಗೆ ಒಂದು ಎಚ್ಚರಿಕೆ: ಜಾಳಿಗೆ ಕೂತ ಸಿಮೆಂಟ್ ಧೂಳಿಗೆ ಮೊದಲೇ ನೀರು ಹೊಡೆಯಬೇಡಿ, ಅದು ಅಲ್ಲೇ ಗಟ್ಟಿಯಾಗುತ್ತದೆ. ಒಳಗಿನಿಂದ ಹೊರಕ್ಕೆ ಹದವಾದ ಒತ್ತಡದಲ್ಲಿ ಗಾಳಿ ಹೊಡೆದು ಧೂಳು ಉದುರಿಸಿ, ನೀರು ಆಮೇಲೆ.

ಆಯಿಲಿನ ಲೆಕ್ಕವೂ ಬದಲಾಗುತ್ತದೆ. ಅರ್ಧ ಇಂಚಿನ ಹೋಸಿನಲ್ಲಿ ಮೀಟರಿಗೆ ಸುಮಾರು 125 ಮಿಲಿಲೀಟರ್ ಹಿಡಿಯುತ್ತದೆ. ಎರಡು ಮೀಟರ್ ಹೋಸ್, ಜೊತೆಗೆ ಕೂಲರಿನ ಹೊಟ್ಟೆ ಸೇರಿದರೆ ಅರ್ಧ ಲೀಟರಿನ ಆಸುಪಾಸು ಹೆಚ್ಚು ಬೇಕು. ಚಾಲೂ ಮಾಡುವ ಮುಂಚೆ, ಆಯಿಲ್ ಏರುವ ತನಕ ಎಂಜಿನ್ ಹತ್ತದಂತೆ ಫ್ಯೂಯೆಲ್ ಪಂಪಿನ ರಿಲೇ ಕಿತ್ತು ಹತ್ತು ಸೆಕೆಂಡಿನಂತೆ ಎರಡು–ಮೂರು ಸಲ ಸೆಲ್ಫ್ ಹೊಡೆದರೆ ಆಯಿಲ್ ದೀಪ ಆರುತ್ತದೆ. ಆಮೇಲೆ ರಿಲೇ ಹಾಕಿ. ಥರ್ಮೋಸ್ಟ್ಯಾಟ್ ತೆರೆಯದೆ ಕೂಲರ್ ಪೂರ್ತಿ ತುಂಬುವುದಿಲ್ಲ. ಹಾಗಾಗಿ ಗ್ಯಾರೇಜಿನಲ್ಲಿ ಡಿಪ್‌ಸ್ಟಿಕ್ ‘ಫುಲ್’ ತೋರಿಸಿದ್ದು ಹದಿನೈದು ಕಿಲೋಮೀಟರ್ ಆದಮೇಲೆ ಕೆಳಗಿಳಿದಿರುತ್ತದೆ. ಸಮತಟ್ಟಾದ ಜಾಗದಲ್ಲಿ ಐದು ನಿಮಿಷ ಬಿಟ್ಟು ಮತ್ತೆ ನೋಡಿ.

ಕೂಲರ್ ಹಾಕಿದ ಮೇಲೂ ಬಿಸಿ ಇಳಿಯದಿದ್ದರೆ ಎರಡು ಹೋಸಿಗೂ ಗನ್ ಹಿಡಿಯಿರಿ. ಎರಡೂ ಒಂದೇ ಸಮ ಸುಡುತ್ತಿದ್ದರೆ ಕೂಲರಿಗೆ ಗಾಳಿ ಸಿಗುತ್ತಿಲ್ಲ. ಆಯಿಲ್ ಕಾದಿದ್ದರೂ ಕೂಲರ್ ತಣ್ಣಗಿದ್ದರೆ ಥರ್ಮೋಸ್ಟ್ಯಾಟ್ ತೆರೆದಿಲ್ಲ. ಬಿಸಿ ಎಂಜಿನ್ ಐಡಲ್‌ನಲ್ಲಿರುವಾಗ ಆಯಿಲ್ ದೀಪ ಮಿನುಗಿದರೆ ಹೋಸ್ ಎಲ್ಲಿ ಮಡಚಿದೆ ಎಂದು ಹುಡುಕಿ. ಮತ್ತೆ, ಪ್ರತಿ ಸಲ ಫಿಲ್ಟರ್ ಬಿಚ್ಚುವಾಗ ಪ್ಲೇಟಿನ ನಡುವಿನ ಬೋಲ್ಟೂ ಅದರ ಜೊತೆ ಸಡಿಲವಾಗಬಹುದು, ಬಿಗಿ ನೋಡಿಯೇ ಹೊಸ ಫಿಲ್ಟರ್ ಹಾಕಿ.

ಜನರ ಹಣ ಹೆಚ್ಚು ಪೋಲಾಗುವುದು ರೇಡಿಯೇಟರ್ ಡಬ್ಬಿಯಲ್ಲಿ ಆಯಿಲ್ ತೇಲಿದಾಗ. ಮಿಸ್ತ್ರಿ ನೋಡಿದವನೇ ‘ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ತಲೆಗೂ ಬ್ಲಾಕಿಗೂ ನಡುವಿನ ಸೀಲ್) ಹೋಗಿದೆ’ ಎಂದು ಹೆಡ್ ಇಳಿಸಿಬಿಡುತ್ತಾನೆ. ಕಂಪನಿಯ ಆ ತಗಡಿನ ಕೂಲರ್ ಒಳಗೆ ಸೀಳಿದರೂ ಇದೇ ಲಕ್ಷಣ. ಓಡುವಾಗ ಆಯಿಲಿನ ಒತ್ತಡ 3–4 ಬಾರ್, ನೀರಿನದ್ದು 1 ಬಾರ್ ಸುಮಾರು. ಆದ್ದರಿಂದ ಆಯಿಲ್ ನೀರಿಗೆ ನುಗ್ಗುತ್ತದೆ. ಎಂಜಿನ್ ನಿಲ್ಲಿಸಿದಾಗ ಆಯಿಲಿನ ಒತ್ತಡ ಸೊನ್ನೆ, ನೀರಿನದ್ದು ಇನ್ನೂ ಇರುತ್ತದೆ. ಆಗ ನೀರು ಚೇಂಬರಿಗೆ ಇಳಿಯುತ್ತದೆ. ಡಬ್ಬಿಯಲ್ಲಿ ಗುಳ್ಳೆ ಏಳದೆ, ಬಿಳಿ ಹೊಗೆ ಬರದೆ, ಬರೀ ಆಯಿಲ್ ತೇಲುತ್ತಿದ್ದರೆ ಮೊದಲು ಕೂಲರ್ ಬಿಚ್ಚಿ. ಒಂದು ಆಯಿಲ್ ಬಾಯಿ ಮುಚ್ಚಿ, ಇನ್ನೊಂದಕ್ಕೆ 3–4 ಬಾರ್ ಗಾಳಿ ಕೊಟ್ಟು ಬಿಸಿನೀರಿನಲ್ಲಿ ಮುಳುಗಿಸಿ. ತಣ್ಣೀರಲ್ಲಿ ಮುಚ್ಚಿಕೊಂಡಿದ್ದ ಸೀಳು ಬಿಸಿನೀರಲ್ಲಿ ಬಾಯಿ ಬಿಡುತ್ತದೆ.

ಬೇರಿಂಗ್ ಸವೆದು ಎಂಜಿನ್ ಕಟ್ಟಿಸಿದವರು ಹಳೆಯ ಕೂಲರನ್ನು ತೊಳೆಸಿ ಮತ್ತೆ ಹಾಕಿಸಬಾರದು. ಲೋಹದ ಪುಡಿ ಅದರ ಸಂದಿಗಳಲ್ಲಿ ಕೂತಿರುತ್ತದೆ, ಎಷ್ಟು ಪೆಟ್ರೋಲ್ ಹಾಕಿ ಕುಲುಕಿದರೂ ಪೂರ್ತಿ ಹೊರಬರುವುದಿಲ್ಲ, ಹೊಸ ಬೇರಿಂಗಿಗೆ ನೇರ ಹೋಗಿ ಕೂರುತ್ತದೆ. ಎಂಜಿನ್ ಕೆಲಸದ ಬಿಲ್ಲಿನಲ್ಲಿ ಹೊಸ ಕೂಲರಿನ ಹೆಸರಿದೆಯೇ ಎಂದು ನೋಡಿಯೇ ಗಾಡಿ ಬಿಡಿಸಿಕೊಳ್ಳಿ.

— ಗ್ಯಾರೇಜು ಕೆಲಸಗಾರರು, ಕಲಬುರಗಿ