ಹಿರಿಯ ಪೊಲೀಸ್ ಅಧಿಕಾರಿಯ ಮೇಲಿನ ದೂರು ಅವರ ಅಧೀನರ ಕೈಗೇ ಏಕೆ? ಗೃಹ ಸಚಿವರಿಗೊಂದು ಬಹಿರಂಗ ಪತ್ರ

ಸನ್ಮಾನ್ಯ ಗೃಹ ಸಚಿವರಿಗೆ ಗೌರವಪೂರ್ವಕ ನಮಸ್ಕಾರಗಳು.

ಮಾನ್ಯರೇ,

ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆ ತಾಲ್ಲೂಕಿನಲ್ಲಿ ಒಂದಿಷ್ಟು ಕಾಫಿ, ಮೆಣಸು ಬೆಳೆದುಕೊಂಡಿರುವ ನಾನು ಈ ವಿಷಯವನ್ನು ಇಲ್ಲಿಯವರೆಗೆ ಅರ್ಜಿಗಳಲ್ಲಷ್ಟೇ ಬರೆಯುತ್ತಿದ್ದೆ. ಆ ಅರ್ಜಿಗಳೆಲ್ಲ 'ಮುಂದಿನ ಸೂಕ್ತ ಕ್ರಮಕ್ಕಾಗಿ' ಎಂಬ ಷರಾ ಹೊತ್ತು, ಯಾರ ಮೇಲೆ ದೂರಿತ್ತೋ ಅವರ ಕಚೇರಿಗೇ ಹೋಗಿ ಸೇರಿದ್ದರಿಂದ ಈಗ ಎಲ್ಲರೆದುರು ಬರೆಯಬೇಕಾಗಿದೆ. ನನ್ನ ಮುಖ್ಯ ಬೇಡಿಕೆ ಒಂದೇ: ಹಿರಿಯ ಪೊಲೀಸ್ ಅಧಿಕಾರಿಯ ವಿರುದ್ಧದ ದೂರನ್ನು ಅವರ ಅಧೀನದಲ್ಲಿರುವವರಿಗೆ ವಿಚಾರಣೆಗೆ ಕಳುಹಿಸಬಾರದು.

ತೋಟದ ದಾರಿಯ ಕುರಿತು ನೆರೆಯವರೊಂದಿಗೆ ನನಗಿರುವ ತಕರಾರು ಸಿವಿಲ್ ನ್ಯಾಯಾಲಯದಲ್ಲಿದೆ. ಹಾಗಿದ್ದೂ ಅರೇಬಿಕಾ ಕೊಯ್ಲಿನ ಭರದಲ್ಲಿ ಹಿರಿಯ ಅಧಿಕಾರಿಯೊಬ್ಬರು ಯಾವ ಲಿಖಿತ ನೋಟಿಸೂ ಇಲ್ಲದೆ ನನ್ನನ್ನು ಠಾಣೆಗೆ ಕರೆಸಿಕೊಂಡರು. ಬಾಗಿಲಲ್ಲೇ ಮೊಬೈಲ್ ತೆಗೆದಿಟ್ಟುಕೊಂಡು, ಬೆಳಗಿನಿಂದ ಕತ್ತಲಾಗುವವರೆಗೆ ಬೆಂಚಿನ ಮೇಲೆ ಕೂರಿಸಿ, ನಡುನಡುವೆ ಒಳಗೆ ಕರೆದು, ಮೊದಲೇ ಟೈಪ್ ಮಾಡಿಸಿಟ್ಟಿದ್ದ ರಾಜಿ ಪತ್ರವನ್ನು ಮುಂದಿಟ್ಟು, ಸಹಿ ಹಾಕದಿದ್ದರೆ ನನ್ನ ಆಳುಗಳ ಹೆಸರನ್ನೂ ಸೇರಿಸಿ ಕೇಸು ಹಾಕುವುದಾಗಿ ಹೇಳಿದರು. ನಾನು ಸಹಿ ಹಾಕಲಿಲ್ಲ. ಅಂದು ಕೊಯ್ದ ಹಣ್ಣನ್ನು ಅಂದೇ ಸಿಪ್ಪೆ ಬಿಡಿಸುವ ಯಂತ್ರಕ್ಕೆ, ಅಂದರೆ ಪಲ್ಪರಿಗೆ ಹಾಕಬೇಕು. ಪಲ್ಪರ್ ಮನೆಯ ಬೀಗದ ಕೈ ನನ್ನ ಜೇಬಿನಲ್ಲಿತ್ತು. ನಾನು ಮನೆ ಮುಟ್ಟುವಷ್ಟರಲ್ಲಿ ಹಣ್ಣಿನ ರಾಶಿ ಬಿಸಿಯೇರಿ ಹುಳಿ ವಾಸನೆ ಹೊಡೆಯುತ್ತಿತ್ತು. ಗಾಬರಿಯಾಗಬೇಡಿ, ಆ ನಷ್ಟವನ್ನು ತಮ್ಮ ಇಲಾಖೆಯಿಂದ ಕೇಳುತ್ತಿಲ್ಲ.

ನಾನು ಮೇಲಧಿಕಾರಿಗಳಿಗೆ ದೂರು ಕೊಟ್ಟೆ. ಕೆಲವು ತಿಂಗಳುಗಳ ನಂತರ ಹೇಳಿಕೆ ನೀಡಲು ಬರುವಂತೆ ನೋಟಿಸ್ ಬಂದದ್ದು ಅದೇ ಠಾಣೆಯಿಂದ. ವಿಚಾರಣೆ ಮಾಡಿದವರು ಆ ಅಧಿಕಾರಿಗೆ ದಿನವೂ ಸೆಲ್ಯೂಟ್ ಹೊಡೆಯುವ ಇನ್ಸ್‌ಪೆಕ್ಟರ್. ಅವರು ನನ್ನನ್ನು ಕೇಳಿದ ಮೊದಲ ಪ್ರಶ್ನೆ, "ಸಾಹೇಬರ ಮೇಲೆ ಬರೆಯುವಂತೆ ನಿಮಗೆ ಹೇಳಿಕೊಟ್ಟವರು ಯಾರು?" ಅವರನ್ನು ನಾನು ಹೆಚ್ಚು ದೂರುವುದಿಲ್ಲ; ರಜೆಗೂ ಸಾಹೇಬರ ಸಹಿಯೇ ಬೇಕಾಗಿರುವಾಗ ಅವರಾದರೂ ಏನು ಬರೆದಾರು? ಕೊನೆಗೆ 'ದೂರಿನಲ್ಲಿ ಹುರುಳಿಲ್ಲದ ಕಾರಣ ಮುಕ್ತಾಯಗೊಳಿಸಲಾಗಿದೆ' ಎಂಬ ಹಿಂಬರಹ ಕೈಗೆ ಬಂತು. ಕಣದಲ್ಲಿ ಕಾಫಿ ಚೀಲ ಕಡಿಮೆಯಾದರೆ ಅದರ ಲೆಕ್ಕವನ್ನು ಅದೇ ಕಣದ ಮೇಸ್ತ್ರಿಯಿಂದ ಬರೆಸುವ ಬೆಳೆಗಾರ ನಮ್ಮ ಕಡೆ ಇಲ್ಲ. ಸರ್ಕಾರ ಮಾತ್ರ ಅದನ್ನು ವಿಚಾರಣೆ ಎಂದು ಕರೆಯುತ್ತದೆ.

ನಿಯಮಗಳನ್ನು ತಮಗೆ ನಾನು ಹೇಳಿಕೊಡಬೇಕಾಗಿಲ್ಲ. ಡಿವೈಎಸ್‌ಪಿ ಹಂತದವರೆಗಿನವರ ಮೇಲಿನ ದೂರಿಗೆ ಜಿಲ್ಲಾ ಮಟ್ಟದ, ಎಸ್‌ಪಿ ಮತ್ತು ಮೇಲಿನವರ ಮೇಲಿನ ದೂರಿಗೆ ರಾಜ್ಯ ಮಟ್ಟದ ಪ್ರಾಧಿಕಾರವಿರಬೇಕೆಂದು ಸುಪ್ರೀಂ ಕೋರ್ಟ್ ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ನಿರ್ದೇಶಿಸಿದ್ದು 2006ರ ಸೆಪ್ಟೆಂಬರ್ 22ರಂದು. ಕರ್ನಾಟಕ ಪೊಲೀಸ್ ಕಾಯ್ದೆಗೆ 2012ರಲ್ಲಿ ತಂದ ತಿದ್ದುಪಡಿಯಲ್ಲಿ ಪೊಲೀಸ್ ದೂರು ಪ್ರಾಧಿಕಾರಗಳಿಗೆ ಜಾಗವೂ ಸಿಕ್ಕಿತು. ಹೀಗಿರುವಾಗ ನನ್ನ ದೂರು ಅತ್ತ ಹೋಗದೆ ಠಾಣೆಗೆ ಇಳಿದದ್ದು ಹೇಗೆ? ಅಂದಿನ ಸಿಸಿಟಿವಿ ದೃಶ್ಯವನ್ನು ಉಳಿಸಿಡಿ ಎಂದು ದೂರಿನಲ್ಲೇ ಕೇಳಿದ್ದೆ. ಅದು 'ತಾಂತ್ರಿಕ ಕಾರಣದಿಂದ ಲಭ್ಯವಿಲ್ಲ'ವಂತೆ. ಠಾಣೆಗಳ ದೃಶ್ಯಗಳನ್ನು ಕನಿಷ್ಠ ಒಂದು ವರ್ಷವಾದರೂ ಕಾದಿಡಬೇಕೆಂದು 2020ರ ಡಿಸೆಂಬರ್ 2ರ ಪರಮ್‌ವೀರ್ ಸಿಂಗ್ ಸೈನಿ ಪ್ರಕರಣದ ಸುಪ್ರೀಂ ಕೋರ್ಟ್ ಆದೇಶ ಹೇಳುತ್ತದೆ. ತಾಂತ್ರಿಕ ಕಾರಣಗಳಿಗೆ ಸಾಹೇಬರ ಮೇಲೆ ಎಷ್ಟು ಪ್ರೀತಿ ನೋಡಿ.

ನೇರವಾಗಿ ನ್ಯಾಯಾಲಯಕ್ಕೆ ಹೋಗಿ ಎನ್ನುವವರಿದ್ದಾರೆ. ಕರ್ತವ್ಯದ ಹೆಸರಿನಲ್ಲಿ ನಡೆದದ್ದಕ್ಕೆ ಮೊಕದ್ದಮೆ ಹೂಡಲು ಸರ್ಕಾರದ ಪೂರ್ವಾನುಮತಿ ಬೇಕೆಂಬ ವಾದ ಅಲ್ಲಿ ಮೊದಲು ಎದ್ದು ನಿಲ್ಲುತ್ತದೆ. ಅನುಮತಿ ಕೊಡಬೇಕಾದವರು ಓದುವುದು ಇದೇ ಹಿಂಬರಹವನ್ನು.

ಆದ್ದರಿಂದ ಮತ್ತೊಮ್ಮೆ ಕೇಳುತ್ತೇನೆ: ಹಿರಿಯ ಅಧಿಕಾರಿಯ ಮೇಲಿನ ದೂರು ಅವರ ಅಧೀನರ ಕೈಗೆ ಹೋಗಬಾರದೆಂದು ಲಿಖಿತ ಸುತ್ತೋಲೆ ಹೊರಡಿಸಿ. ನನ್ನ ದೂರನ್ನು ಪ್ರಾಧಿಕಾರದ ಮುಂದಿಡಿ. ವಿಚಾರಣೆ ಮುಗಿಯುವವರೆಗಾದರೂ ಅದು ಆ ಅಧಿಕಾರಿಯ ಅಧೀನರ ಕೈ ಸೇರದಂತೆ ನೋಡಿಕೊಳ್ಳಿ. ಮುಕ್ತಾಯಗೊಳಿಸಿದ ವರದಿಯ ಪ್ರತಿಯನ್ನು ನನಗೆ ಕೊಡಿಸಿ, ಸಿಸಿಟಿವಿ ದೃಶ್ಯ ಕಾಣೆಯಾದದ್ದಕ್ಕೆ ಹೊಣೆ ಯಾರೆಂದು ಬರವಣಿಗೆಯಲ್ಲಿ ತಿಳಿಸಿ.

ಇಂತಿ ತಮ್ಮ ವಿಶ್ವಾಸಿ,
ಮೂಡಿಗೆರೆ ತಾಲ್ಲೂಕಿನ ಒಬ್ಬ ಕಾಫಿ ಬೆಳೆಗಾರ