ಒಂದು ಕಾಗದ ಸಾಕಾಗಿತ್ತು

ಸಂಪಾದಕರಿಗೆ ನಮಸ್ಕಾರ,

ಹೊರದೇಶದವರು ವಿಜ್ಞಾನ ಸಂಘದ ಸದಸ್ಯರಾಗಬೇಕಾದರೆ ದೊಡ್ಡ ಡಿಗ್ರಿ, ಖುದ್ದು ಪರಿಚಯ ಎರಡೂ ಬೇಕು ಅಂತ ಮೊನ್ನೆ ಬದಿಯಡ್ಕದ ಹೋಟೆಲಿನಲ್ಲಿ ಒಬ್ಬರು ವಾದಿಸುತ್ತಿದ್ದರು. ಹಾಗೇನಿಲ್ಲ. ಲೇವನ್‌ಹುಕ್ ಹಾಲೆಂಡಿನ ಡೆಲ್ಫ್ಟ್ ಊರಿನ ಬಟ್ಟೆ ವ್ಯಾಪಾರಿ, ಸೂಕ್ಷ್ಮದರ್ಶಕ ತಾನೇ ಮಾಡಿಕೊಂಡವನು, ಆಗಿನ ವಿದ್ವಾಂಸರ ಭಾಷೆಯಾದ ಲ್ಯಾಟಿನ್ ಬಾರದು. 1673ರಲ್ಲಿ ಅದೇ ಊರಿನ ವೈದ್ಯ ಡಿ ಗ್ರಾಫ್, ಲಂಡನ್ನಿನ ರಾಯಲ್ ಸೊಸೈಟಿ ಎಂಬ ವಿಜ್ಞಾನ ಸಂಘದ ಕಾರ್ಯದರ್ಶಿ ಓಲ್ಡನ್‌ಬರ್ಗ್‌ಗೆ ಕಾಗದ ಬರೆದು ಇವನ ಸೂಕ್ಷ್ಮದರ್ಶಕದ ವಿಷಯ ತಿಳಿಸಿದ. ಅಷ್ಟೇ. ಆಮೇಲೆ ಇವನು ಡಚ್ಚಿನಲ್ಲೇ ಬರೆಯುತ್ತಾ ಹೋದ, ಅವರೇ ಅನುವಾದ ಮಾಡಿಸಿಕೊಂಡರು, 1680ರಲ್ಲಿ ಫೆಲೋ, ಅಂದರೆ ಸಂಘದ ಸದಸ್ಯ, ಅಂತ ಆರಿಸಿಯೂ ಬಿಟ್ಟರು. ಒಂದು ಸಭೆಗೂ ಅವನು ಹೋಗಲಿಲ್ಲ!

ನಮ್ಮ ಪಕ್ಕದ ತೋಟದ ಭಾವ ದಿನಾ ಮಳೆ ಅಳೆದು ಹಳೇ ಡೈರಿಯಲ್ಲಿ ಬರೆದಿಡುತ್ತಾರೆ, ಕನ್ನಡದಲ್ಲೇ, ಪುಟದ ತುಂಬಾ ಅಡಿಕೆ ಕಲೆ. ಅವರ ಬಗ್ಗೆ ಎಲ್ಲಿಗಾದರೂ ಒಂದು ಕಾಗದ ಹಾಕಲು ನಮ್ಮ ಕಾಲೇಜು ಮಾಷ್ಟ್ರುಗಳಿಗೆ ಏನು ಕಷ್ಟ?

— ಓದುಗ, ಬದಿಯಡ್ಕ, ಕಾಸರಗೋಡು