ದರಖಾಸ್ತು ಎಂದರೆ ಬರೀ ಅರ್ಜಿಯಲ್ಲ

ಮಾನ್ಯ ಸಂಪಾದಕರೇ,

ನೆರೆರಾಜ್ಯದ ಸುದ್ದಿಯನ್ನು ಕನ್ನಡಕ್ಕೆ ತರುವಾಗ ‘ದರಖಾಸ್ತು’ ಎಂಬ ಪದವನ್ನು ಇದ್ದ ಹಾಗೇ ಇಳಿಸಿಕೊಳ್ಳುವುದು ಅಪಾಯ. ನಮ್ಮಲ್ಲಿ ಅದು ಸರ್ಕಾರ ಮಂಜೂರು ಮಾಡುವ ಜಮೀನಿನ ಮಾತು. ತೆಲುಗಿನಲ್ಲಿ ಅದು ಯಾವುದೇ ಅರ್ಜಿ. ರೇಷನ್ ಕಾರ್ಡಿಗೂ ಅದೇ, ನೌಕರಿಗೂ ಅದೇ. ಮಲಯಾಳದಲ್ಲಿ ‘ದರ್ಘಾಸ್’ ಎಂದರೆ ಟೆಂಡರ್. ಕಾಸರಗೋಡಿನ ಕನ್ನಡಿಗರು ರಸ್ತೆ ಕಾಮಗಾರಿಯ ಮಲಯಾಳ ಪ್ರಕಟಣೆಗಳಲ್ಲಿ ನೋಡುವುದು ಈ ಅರ್ಥವನ್ನೇ. ಮರಾಠಿಯ ಕೋರ್ಟು ಭಾಷೆಯಲ್ಲಿ ಅದು ಡಿಕ್ರಿಯನ್ನು, ಅಂದರೆ ದಾವೆಯಲ್ಲಿ ಕೋರ್ಟು ಕೊಟ್ಟ ತೀರ್ಮಾನವನ್ನು, ಜಾರಿ ಮಾಡಿಸಲು ಹಾಕುವ ಅರ್ಜಿ. ಅದನ್ನು ಸುಮ್ಮನೆ ‘ಅರ್ಜಿ ಸಲ್ಲಿಸಿದರು’ ಎಂದು ಬರೆದರೆ, ದಾವೆ ಆಗಲೇ ತೀರ್ಮಾನವಾಗಿದೆ ಎಂಬ ಮುಖ್ಯ ಸಂಗತಿಯೇ ಓದುಗನಿಗೆ ತಲುಪುವುದಿಲ್ಲ.

ಮೂಲ ಪಾರಸಿಯದು. ‘ದರ್’ ಎಂದರೆ ಒಳಗೆ, ‘ಖ್ವಾಸ್ತನ್’ ಎಂದರೆ ಬಯಸು, ಕೇಳು. ಎರಡೂ ಸೇರಿ ‘ದರ್‌ಖ್ವಾಸ್ತ್’, ಕೋರಿಕೆ. ಇಲ್ಲಿನ ‘ದರ’ಕ್ಕೂ ಬೆಲೆಗೂ ಸಂಬಂಧವಿಲ್ಲ, ತಹಶೀಲ್ದಾರ, ಜಮೀನ್ದಾರ ಪದಗಳ ‘ದಾರ್’ ಕೂಡ ಬೇರೆ, ಅದು ಹೊಂದಿರುವವನು ಎಂಬ ಅರ್ಥದ್ದು. ಸಭೆ ‘ಬರಖಾಸ್ತು’ ಆಯಿತು ಎನ್ನುತ್ತೇವಲ್ಲ, ಅದರ ‘ಖಾಸ್ತು’ವೂ ಇದಲ್ಲ. ಅದು ‘ಖಾಸ್ತನ್’, ಏಳು ಎಂಬ ಕ್ರಿಯಾಪದ. ಕೂತವರು ಎದ್ದರು, ಸಭೆ ಮುಗಿಯಿತು. ಪಾರಸಿ ಬರವಣಿಗೆಯಲ್ಲಿ ಬಯಸು ಎಂಬ ‘ಖ್ವಾಸ್ತನ್’ಗೆ ಉಚ್ಚರಿಸದ ‘ವಾವ್’ ಅಕ್ಷರವಿದೆ, ಏಳು ಎಂಬ ‘ಖಾಸ್ತನ್’ಗಿಲ್ಲ. ಕನ್ನಡದ ಕಿವಿಗೆ ಎರಡೂ ಒಂದೇ ಆಗಿಬಿಟ್ಟಿವೆ.

ನಮ್ಮಲ್ಲಿ ಸಾಮಾನ್ಯ ಕೋರಿಕೆಗೆ ‘ಅರ್ಜಿ’ ನೆಲೆಯೂರಿತು. ದರಖಾಸ್ತು ಕಂದಾಯ ಇಲಾಖೆಯ ಪದವಾಯಿತು. ಖಾಲಿ ಸರ್ಕಾರಿ ಜಮೀನು ಕೇಳಿ ಹಾಕುವ ಅರ್ಜಿಗೆ ಮೊದಲು ಆ ಹೆಸರು, ಆಮೇಲೆ ಹಾಗೆ ಮಂಜೂರಾದ ಜಮೀನಿಗೇ ಆ ಹೆಸರು. ‘ನಂದು ದರ್ಕಾಸ್ತು ಜಮೀನು’ ಎಂದು ರೈತ ಹೇಳಿದರೆ ಅವನ ಕೈಯಲ್ಲಿ ಸಾಗುವಳಿ ಚೀಟಿ (ಮಂಜೂರಾತಿಯ ಪತ್ರ) ಇದೆ ಅಥವಾ ಇರಬೇಕು ಎಂದರ್ಥ. ಇದನ್ನು ‘ಬಗರ್ ಹುಕುಂ’ ಜತೆ ಕಲಸಬಾರದು. ಹುಕುಂ ಇಲ್ಲದೆ ಮೊದಲೇ ಉಳುಮೆ ಮಾಡಿ, ಆಮೇಲೆ ಸಕ್ರಮ ಮಾಡಿಕೊಡಿ ಎಂದು ಕೇಳುವುದು ಬಗರ್ ಹುಕುಂ. ‘ದರಖಾಸ್ತು ಪೋಡಿ’ಯ ಪೋಡಿಗೆ ಬೇರು ಮರಾಠಿಯಲ್ಲಿ, ಒಡೆಯುವುದು ಎಂಬ ಅರ್ಥದಲ್ಲಿ. ದೊಡ್ಡ ಸರ್ವೆ ನಂಬರನ್ನು ಅಳೆದು, ಒಬ್ಬೊಬ್ಬರ ಭಾಗವನ್ನು ನಕ್ಷೆಯಲ್ಲಿ ಒಡೆದು ತೋರಿಸುವ ಕೆಲಸ ಅದು.

ತಾಪತ್ರಯ ಇರುವುದು ಇಲ್ಲೇ. ಒಂದು ಸರ್ವೆ ನಂಬರಿನಲ್ಲಿ 40 ಎಕರೆ ಇದ್ದು, ವರ್ಷಗಟ್ಟಲೆ ಕೊಟ್ಟ ಮಂಜೂರಾತಿ ಕೂಡಿಸಿದರೆ 46 ಎಕರೆ ಆಯಿತೆನ್ನಿ. ಪಹಣಿ ಮತ್ತು ಆಕಾರಬಂದ್ (ಸರ್ವೆ ನಂಬರಿನ ಅಳತೆ, ಕಂದಾಯ ತೋರಿಸುವ ಸರ್ವೆ ಇಲಾಖೆಯ ದಾಖಲೆ) ತಾಳೆಯಾಗುವುದಿಲ್ಲ, ಪೋಡಿ ನಿಲ್ಲುತ್ತದೆ. ಪೋಡಿಯೂ ಇಲ್ಲ, 11ಇ ನಕ್ಷೆಯೂ (ಮಾರುವ ಭಾಗವನ್ನು ಅಳೆದು ತೋರಿಸುವ ನಕ್ಷೆ) ಇಲ್ಲ ಎಂದಾದರೆ ಆ ಭಾಗದ ಕ್ರಯಪತ್ರ ನೋಂದಣಿಯಾಗುವುದಿಲ್ಲ. ಕೊಳ್ಳುವವರು ಪಹಣಿಯ 10ನೇ ಕಾಲಂನಲ್ಲಿ ಜಮೀನು ಹೇಗೆ ಬಂತು ಎಂದೂ, 11ನೇ ಕಾಲಂನಲ್ಲಿ ಪರಭಾರೆ (ಮಾರಾಟ, ಹಸ್ತಾಂತರ) ನಿಷೇಧದ ಷರತ್ತು ಇದೆಯೇ ಎಂದೂ ನೋಡಬೇಕು. ಅಲ್ಲಿ ಏನೂ ಬರೆದಿಲ್ಲವೆಂದು ಸಮಾಧಾನಪಡಬೇಡಿ. ಷರತ್ತು ಮಂಜೂರಾತಿ ಆದೇಶದಲ್ಲಿರುತ್ತದೆ, ಅದರ ನಕಲು ತೆಗೆಸಿ ಓದಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನನ್ನು 1978ರ ಪರಭಾರೆ ನಿಷೇಧ ಕಾಯ್ದೆಯ ಪ್ರಕಾರ ಸರ್ಕಾರದ ಪೂರ್ವಾನುಮತಿ ಇಲ್ಲದೆ ಮಾರುವಂತಿಲ್ಲ. ಮಾರಿದರೂ ಆ ಕ್ರಯಕ್ಕೆ ಬೆಲೆಯಿಲ್ಲ.

ಆದ್ದರಿಂದ ತಮ್ಮ ವರದಿಗಾರರಲ್ಲಿ, ಅನುವಾದಕರಲ್ಲಿ ನನ್ನ ವಿನಂತಿ: ತೆಲುಗಿನ ದರಖಾಸ್ತಿಗೆ ‘ಅರ್ಜಿ’, ಮಲಯಾಳದ್ದಕ್ಕೆ ‘ಟೆಂಡರ್’, ಮರಾಠಿ ಕೋರ್ಟಿನದಕ್ಕೆ ‘ಡಿಕ್ರಿ ಜಾರಿ ಅರ್ಜಿ’ ಎಂದು ಬರೆಯಿರಿ. ದರಖಾಸ್ತು ಎಂಬುದನ್ನು ಮಂಜೂರಾತಿ ಜಮೀನಿಗೇ ಬಿಡಿ.